ಒಲ್ಲದ ಅಧಿಕಾರ

ಅಧಿಕಾರವನ್ನು ಬಯಸಿ ಬಂದವನಿಗಿಂತ, ಬೇಡವೆಂದು ಹಿಂಜರಿದವನೇ ಅದಕ್ಕೆ ಹೆಚ್ಚು ಯೋಗ್ಯನೆಂಬ ನಂಬಿಕೆಯು ಅನೇಕ ದೇಶಗಳಲ್ಲಿ ಉಂಟು. ಆಸೆಯೇ ಪಾಪದ ಬೀಜ. ಆದುದರಿಂದ ಆಸೆಯಿಲ್ಲದವನ ಕೈಯಲ್ಲಿ ಅಧಿಕಾರವು ಕೇಡನ್ನು ಮಾಡಲಾರದು ಎಂಬುದು ಈ ನಂಬಿಕೆಯ ತಿರುಳು. ಇದು ಎಷ್ಟರಮಟ್ಟಿಗೆ ನಿಜ? ಕ್ರಿ. ಶ. 590 ರಿಂದ 604 ರ ವರೆಗೆ ರೋಮಿನಲ್ಲಿ ಪೋಪನಾಗಿದ್ದ ಒಂದನೆಯ ಗ್ರೆಗರಿಯ ಜೀವಿತವು ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ತಕ್ಕುದಾಗಿದೆ.

ಗ್ರೆಗರಿಯು ಸುಮಾರು 540 ರಲ್ಲಿ ಸಿರಿವಂತರ ಕುಲದಲ್ಲಿ ಹುಟ್ಟಿ, ವಯಸ್ಸಿನಲ್ಲಿಯೇ ರೋಮಿನ ನಗರಾಧಿಕಾರಿಯ ಪದವಿಗೆ ಏರಿದನು. ಆದರೆ ಆ ವೈಭವದಲ್ಲಿ ಆತನ ಮನಸ್ಸು ನಿಲ್ಲಲಿಲ್ಲ. ಸಿಸಿಲಿಯಲ್ಲಿದ್ದ ಆಸ್ತಿಯಿಂದ ಆರು ಮಠಗಳನ್ನು ಕಟ್ಟಿಸಿ, ಸೀಲಿಯನ್ ಗುಡ್ಡದ ಮೇಲಿದ್ದ ತನ್ನ ಮನೆಯನ್ನೇ ಮಠವಾಗಿ ಮಾಡಿ, ಅಲ್ಲಿ ಸನ್ಯಾಸಿಯಾಗಿ ಸೇರಿದನು. 590 ರ ಮಹಾಮಾರಿಯಲ್ಲಿ ಪೋಪ್ ಎರಡನೆಯ ಪೆಲಾಜಿಯಸನು ಸಾಯಲು, ಜನರು ಗ್ರೆಗರಿಯನ್ನೇ ಆರಿಸಿದರು. ಆತನಾದರೋ ಈ ಆಯ್ಕೆಗೆ ಒಪ್ಪಿಗೆ ಕೊಡಬಾರದೆಂದು ಚಕ್ರವರ್ತಿ ಮಾರಿಸನಿಗೆ ಬರೆದನು. ನಗರಾಧಿಕಾರಿಯು ಆ ಕಾಗದವನ್ನು ದಾರಿಯಲ್ಲಿಯೇ ತಡೆದನೆಂದು ಸಮಕಾಲೀನ ಇತಿಹಾಸಕಾರನೊಬ್ಬನು ಹೇಳುತ್ತಾನೆ. ಕಳೆದುಹೋದ ಏಕಾಂತಕ್ಕಾಗಿ ಗ್ರೆಗರಿಯು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಮರುಗಿದ್ದಾನೆ.

ಆದರೂ ಆತನು ಅಳುತ್ತ ಕುಳಿತವನಲ್ಲ. ಸ್ವಂತ ನೆಮ್ಮದಿಯ ಮೋಹದಿಂದ ಪರರ ಸೇವೆಗೆ ಬೆನ್ನು ತಿರುಗಿಸುವವನೂ ದೋಷಿಯೇ ಎಂದು ಸಭಾಪಾಲಕರ ಕರ್ತವ್ಯವನ್ನು ಕುರಿತ ತನ್ನ ಗ್ರಂಥದಲ್ಲಿ ಬರೆದನು, ಬರೆದಂತೆ ನಡೆದನು. ಸಿಸಿಲಿಯ ಹೊಲಗಳಿಂದ ಧಾನ್ಯವನ್ನು ತರಿಸಿ ರೋಮಿನ ಬಡವರಿಗೆ ಹಂಚಿದನು. 593 ರಲ್ಲಿ ಲಾಂಬಾರ್ಡರ ಅರಸನು ನಗರವನ್ನು ಮುತ್ತಲು, ಹಣವನ್ನು ತೆತ್ತು ಜನರನ್ನು ಉಳಿಸಿದನು. ಅವರೊಡನೆ ಶಾಂತಿಗಾಗಿ ದುಡಿದುದಕ್ಕೆ ಮಾರಿಸನಿಂದ ಮುಗ್ಧನೆಂಬ ಹಳಿವನ್ನೂ ಕೇಳಿದನು. ಯೆಹೂದ್ಯರನ್ನು ಬಲಾತ್ಕಾರದಿಂದ ಮತಕ್ಕೆ ಸೇರಿಸಬಾರದೆಂದು 591 ರಲ್ಲಿ ಬಿಷಪ್ಪರಿಗೆ ಕಟ್ಟಪ್ಪಣೆ ಮಾಡಿದನು. ರೋಮಿನಲ್ಲಿ ಭಿಕ್ಷುಕನೊಬ್ಬನು ಸತ್ತು ಬಿದ್ದುದು ತಿಳಿದಾಗ, ಆ ಸಾವಿಗೆ ತಾನೇ ಹೊಣೆಯೆಂದು ಬಗೆದು ಕೆಲವು ದಿನ ಬಲಿಪೂಜೆಯನ್ನು ಅರ್ಪಿಸಲಿಲ್ಲವೆಂದು ಒಂಬತ್ತನೆಯ ಶತಮಾನದ ಚರಿತ್ರಕಾರನು ಬರೆದಿದ್ದಾನೆ.

ಇಷ್ಟು ಸೂಕ್ಷ್ಮವಾದ ಅಂತಃಕರಣವುಳ್ಳವನಿಗೂ ಒಂದು ಪರೀಕ್ಷೆ ಕಾದಿತ್ತು. 602 ರಲ್ಲಿ ಸೈನ್ಯವು ದಂಗೆಯೆದ್ದಿತು. ಫೋಕಸ್ ಎಂಬ ಕೆಳದರ್ಜೆಯ ಸೇನಾಧಿಕಾರಿಯು ಸಿಂಹಾಸನವನ್ನು ಹಿಡಿದು, ಮಾರಿಸನ ಕಣ್ಣೆದುರಿನಲ್ಲಿಯೇ ಆತನ ಮಕ್ಕಳನ್ನು ಕೊಲ್ಲಿಸಿ, ಆ ಬಳಿಕ ಆತನನ್ನೂ ಕೊಲ್ಲಿಸಿದನು. ಹಿರಿಯ ಮಗನಾದ ಥಿಯೋಡೋಸಿಯಸನೂ ಉಳಿಯಲಿಲ್ಲ. ಹಿಂದೆ ಕಾನ್‌ಸ್ಟಾಂಟಿನೋಪಲಿನಲ್ಲಿ ಪೋಪನ ಪ್ರತಿನಿಧಿಯಾಗಿದ್ದಾಗ, ಇದೇ ಬಾಲಕನ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತವನು ಗ್ರೆಗರಿ. ಅಂಥವನು 603 ರಲ್ಲಿ ಫೋಕಸನಿಗೆ ಬರೆದ ಪತ್ರವು ದೇವರ ಸ್ತುತಿಯಿಂದ ಆರಂಭವಾಗಿ, ಹೊಸ ಚಕ್ರವರ್ತಿಯ ಉದಯಕ್ಕೆ ಸ್ವರ್ಗವೂ ಭೂಮಿಯೂ ನಲಿಯಲೆಂದು ಹಾರೈಸುತ್ತದೆ.

ಆತನ ಪರವಾಗಿ ಹೇಳತಕ್ಕ ಮಾತುಗಳಿಲ್ಲವೆಂದಲ್ಲ. ದೂರದ ಕೊಲೆಗಳ ವಿವರವೆಲ್ಲವೂ ಆಗ ಆತನಿಗೆ ಮುಟ್ಟಿರಲಿಲ್ಲವೆಂದು ಕೆಲವರು ವಾದಿಸುತ್ತಾರೆ. ಅದೇ ಪತ್ರದಲ್ಲಿ, ರೋಮಿನ ಚಕ್ರವರ್ತಿಯು ಸ್ವತಂತ್ರರ ಒಡೆಯನೇ ಹೊರತು ದಾಸರ ಒಡೆಯನಲ್ಲವೆಂಬ ಬುದ್ಧಿವಾದವೂ ಅಡಗಿದೆ. ಇಟಲಿಗೆ ಚಕ್ರವರ್ತಿಯ ನೆರವು ಬೇಕಾಗಿತ್ತು. ಪತ್ರವು ಹುಳಿಯಾದರೆ ಹಸಿಯುವವರು ರೋಮಿನ ಬಡವರು. ಇವೆಲ್ಲವೂ ನಿಜವಿರಬಹುದು. ಆದರೂ ಹಿಂದಿನ ಒಡೆಯನನ್ನು ಬಲದಿಂದ ಕೆಳಗಿಳಿಸಿ ಬಂದವನು ಫೋಕಸನೆಂಬುದು ಗ್ರೆಗರಿಗೆ ಗೊತ್ತಿತ್ತು. ವಂದನೆಯ ನಾಲ್ಕು ಮಾತುಗಳು ರಾಜಮರ್ಯಾದೆಗೆ ಸಾಕಾಗುತ್ತಿದ್ದುವು. ಸ್ವರ್ಗವನ್ನು ಸಾಕ್ಷಿಗೆ ಕರೆಯುವ ಅವಶ್ಯಕತೆ ಇರಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗ್ರೆಗರಿಯು ಈ ಹೊಗಳಿಕೆಯನ್ನು ಬರೆದುದು ತನ್ನ ಪದವಿಯ ಆಸೆಯಿಂದಲ್ಲ; ಆ ಪದವಿಯು ಆತನಿಗೆ ಹೊರೆಯೇ ಆಗಿತ್ತು. ತನ್ನನ್ನು ನಂಬಿದವರ ಹಿತವೇ ಆತನ ಕೈಯಿಂದ ಆ ಮಾತುಗಳನ್ನು ಬರೆಯಿಸಿರಬೇಕು. ತನಗಾಗಿ ಸುಳ್ಳಾಡಲು ನಾಚುವ ಸಜ್ಜನನು ಸಂಸ್ಥೆಗಾಗಿ, ಊರಿಗಾಗಿ, ಮಕ್ಕಳಿಗಾಗಿ ಆಡುವಾಗ ಅಷ್ಟು ನಾಚುವುದಿಲ್ಲ. ವೈರಾಗ್ಯವು ಸ್ವಾರ್ಥದ ಬಾಗಿಲನ್ನು ಮುಚ್ಚುತ್ತದೆ. ಪರಾರ್ಥದ ಬಾಗಿಲಿನಿಂದ ಒಳಬರುವ ಅಧರ್ಮವನ್ನು ತಡೆಯಲು ಅದಕ್ಕೆ ಶಕ್ತಿಯಿಲ್ಲ. ಎಷ್ಟೋ ವೇಳೆ ಅದನ್ನು ಅತಿಥಿಯೆಂದೇ ಬಗೆದು ಮಣೆಹಾಕುತ್ತದೆ.

ಹಾಗೆಂದು ಗ್ರೆಗರಿಯು ಮಠದಲ್ಲಿಯೇ ಉಳಿದಿದ್ದರೆ ಲೇಸಾಗುತ್ತಿತ್ತೆನ್ನಲಾದೀತೆ? ಆಗ ಆತನ ಅಂಗೈ ಶುದ್ಧವಾಗಿರುತ್ತಿತ್ತು. ರೋಮಿನ ಬಡವರ ಅಂಗೈ ಬರಿದಾಗಿರುತ್ತಿತ್ತು. ಅಧಿಕಾರವನ್ನು ಹೊತ್ತುದು ಆತನ ತಪ್ಪಲ್ಲ. ಭಿಕ್ಷುಕನ ಸಾವಿನ ದಿನ ತನ್ನನ್ನು ತಾನೇ ವಿಚಾರಿಸಿಕೊಂಡ ಆ ನ್ಯಾಯಾಧಿಪತಿಯನ್ನು ಚಕ್ರವರ್ತಿಗೆ ಕಾಗದ ಬರೆಯುವ ದಿನ ಕರೆಯದೆ ಹೋದುದೇ ತಪ್ಪು. ಒಲ್ಲದೆ ಬಂದವನೆಂಬ ಕಾರಣದಿಂದ ಯಾವ ಅಧಿಕಾರಿಯೂ ಲೆಕ್ಕ ಒಪ್ಪಿಸುವುದರಿಂದ ಬಿಡುಗಡೆ ಹೊಂದಲಾರನು. ತನಗಾಗಿ ಏನನ್ನೂ ಬಯಸದವನು ಇತರರಿಗಾಗಿ ಮಾಡುವುದನ್ನು ಎರಡು ಸಲ ತೂಗಿ ನೋಡಬೇಕು. ಏಕೆಂದರೆ ಅವನ ಕೈ ತಪ್ಪಿದಾಗ ತಪ್ಪೆಂದು ಹೇಳಲು ಆತನ ಮನಸ್ಸಿಗೂ ಸುಲಭವಾಗಿ ತೋಚದು, ಜನರಿಗೂ ಬಾಯಿ ಬಾರದು.