ಮೀಸಲು ಬೆಲೆಯನ್ನು ಮುಚ್ಚಿಡಬಹುದೇ?



ಮಾಲು ಮಾರುವವನಿಗೆ ತನ್ನ ಮಾಲಿನ ಕನಿಷ್ಠ ಬೆಲೆಯನ್ನು ಗೊತ್ತುಪಡಿಸುವ ಹಕ್ಕುಂಟೇ? ಉಂಟಾದರೆ, ಅದನ್ನು ಕೊಳ್ಳುವವನಿಂದ ಮುಚ್ಚಿಡುವುದು ನ್ಯಾಯವೇ? ಪ್ರಶ್ನೆ ಹಳೆಯದು. ಆದರೆ ಸವಾಲು ಅಡತಿ ಅಂಗಡಿಯ ಕಟ್ಟೆಯಿಂದ ಕಂಪ್ಯೂಟರಿಗೂ ಮೊಬೈಲಿಗೂ ಏರಿದ ಮೇಲೆ ಅದು ಹೊಸ ರೂಪದಲ್ಲಿ ಎದುರು ನಿಂತಿದೆ. ಅಮೆರಿಕದಲ್ಲಿ 1995ರಲ್ಲಿ ಈಬೇ ಎಂಬ ಆನ್‌ಲೈನ್ ಹರಾಜುಕಟ್ಟೆ ಆರಂಭವಾಯಿತು. ನಮ್ಮ ದೇಶದಲ್ಲಿ 2016ರ ಏಪ್ರಿಲ್ 14ರಂದು ಇ-ನಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆಗೆ ಚಾಲನೆ ದೊರೆಯಿತು. ಆದೋನಿಯ ಹತ್ತಿ, ಸೋಲಾಪುರದ ಉಳ್ಳಾಗಡ್ಡಿ, ಜತ್ತದ ದಾಳಿಂಬೆಗಳನ್ನು ಬೆಳೆದು ಮಾರುವ ನಮ್ಮ ಭಕ್ತರು ಇದನ್ನು ವಿಚಾರ ಮಾಡುವುದು ಅಗತ್ಯ.

ಮೀಸಲು ಬೆಲೆಯೆಂದರೆ, ಸವಾಲು ಇಷ್ಟಕ್ಕೆ ಮುಟ್ಟದಿದ್ದರೆ ಮಾಲು ಕೊಡುವುದಿಲ್ಲ ಎಂಬ ಗೆರೆ. ಇದರಲ್ಲಿ ಎರಡು ಬಗೆ. ಒಂದು, ಎಲ್ಲರಿಗೂ ತಿಳಿಸಿ ಅಲ್ಲಿಂದಲೇ ಸವಾಲು ಆರಂಭಿಸುವುದು. ಇನ್ನೊಂದು, ಅಂಕಿಯನ್ನು ಗುಟ್ಟಾಗಿಟ್ಟು ಚಿಕ್ಕ ಮೊತ್ತದಿಂದ ಕೂಗಿಸುವುದು. ಈಬೇಯಂಥ ಕಟ್ಟೆಗಳಲ್ಲಿ ಎರಡನೆಯದೂ ಉಂಟು. ಮೀಸಲು ಬೆಲೆ ಇನ್ನೂ ಮುಟ್ಟಿಲ್ಲವೆಂದು ಕೊಳ್ಳುವವನಿಗೆ ತಿಳಿಯುತ್ತದೆ, ಎಷ್ಟೆಂದು ತಿಳಿಯುವುದಿಲ್ಲ.

ಗೆರೆ ಹಾಕುವುದೇ ದುರಾಸೆ ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಕೊಳ್ಳುವವರು ನಾಲ್ವರೇ ಇದ್ದು, ಆ ನಾಲ್ವರೂ ಒಳಗೊಳಗೆ ಮಾತಾಡಿಕೊಂಡರೆ ಸವಾಲಿಗೆ ಅರ್ಥವೇನು? ಹೀಗೆ ಒಳಸಂಚು ಮಾಡಿ ಸವಾಲು ಹಾಕುವುದನ್ನು 2002ರ ಸ್ಪರ್ಧಾ ಕಾಯ್ದೆ ನಿಷೇಧಿಸಿದೆ. ಆದರೆ ಸಂಜೆಯ ಹೊತ್ತಿಗೆ ಚೀಲ ಮುಂದಿಟ್ಟುಕೊಂಡು ಕುಳಿತ ರೈತನ ಬಳಿಗೆ ಕಾಯ್ದೆ ಓಡಿ ಬರುವುದಿಲ್ಲ. ಅವನಿಗಿರುವ ಆಸರೆ ‘ಕೊಡಲಾರೆ’ ಎಂಬ ಒಂದೇ ಮಾತು. ಮೈಮುರಿದು ದುಡಿದದ್ದನ್ನು ಸಿಕ್ಕ ಬೆಲೆಗೆ ಬಿಟ್ಟುಕೊಡುವುದು ಔದಾರ್ಯವಲ್ಲ, ಅದು ಕಾಯಕಕ್ಕೆ ಮಾಡುವ ಅವಮಾನ.

ಇನ್ನು ಗುಟ್ಟಿನ ವಿಚಾರ. ಕೊಳ್ಳುವವನೂ ತಾನು ಎಲ್ಲಿಯವರೆಗೆ ಹೋಗಬಲ್ಲೆನೆಂದು ಹೇಳುವುದಿಲ್ಲ, ಮಾರುವವನು ಮಾತ್ರ ಏಕೆ ಹೇಳಬೇಕು ಎಂದು ಕೇಳಬಹುದು. ಇದು ಬಲವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟು: ಸವಾಲಿಗೆ ಕರೆದವನು ಯಾರು? ಮಾರುವವನು. ‘ಬನ್ನಿ, ಹೆಚ್ಚು ಕೂಗಿದವರಿಗೆ ಕೊಡುತ್ತೇನೆ’ ಎಂಬ ಕರೆಯೇ ಒಂದು ವಚನ ಕೊಟ್ಟಂತೆ. ಕೊಳ್ಳುವವನು ಯಾರಿಗೂ ಏನನ್ನೂ ಮಾತು ಕೊಟ್ಟಿರುವುದಿಲ್ಲ. ದನದ ಸಂತೆಯಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವ ಪದ್ಧತಿ ಉಂಟಲ್ಲ, ಅಲ್ಲಿಯೂ ಗುಟ್ಟಿದೆ. ಆದರೆ ಅದು ಸುತ್ತ ನಿಂತವರಿಂದ ಕಾಯ್ದ ಗುಟ್ಟು. ಕೈಯೊಳಗೆ ಕೈ ಇಟ್ಟ ಇಬ್ಬರಿಗೂ ಪ್ರತಿ ಮಾತು ಸ್ಪಷ್ಟ. ಗುಟ್ಟಿನ ಮೀಸಲಿನಲ್ಲಿ ಕೈ ಕೊಟ್ಟವನಿಗೇ ಬೆರಳು ಕಾಣದು. ಅವನ ವೇಳೆಯನ್ನೂ ಆಸೆಯನ್ನೂ ನಮ್ಮ ಮಾಲಿನ ದರ ಅಳೆಯುವ ಕೋಲಾಗಿ ಬಳಸಿದಂತಾಗುತ್ತದೆ.

ಮೀಸಲು ಅಂಕಿ ಬಹಿರಂಗವಾದರೆ ಕೂಡಿಕೊಂಡ ವ್ಯಾಪಾರಿಗಳು ಅಷ್ಟಕ್ಕೇ ನಿಲ್ಲುತ್ತಾರೆ ಎಂಬ ಅಂಜಿಕೆಯೂ ಇದೆ. ಅದು ಸುಳ್ಳಲ್ಲ. ಹಾಗಾದರೆ ನಿಜವಾಗಿ ಸಾಕೆನಿಸುವ ಬೆಲೆಯನ್ನೇ ಗೆರೆಯಾಗಿ ಹಾಕಬೇಕು. ಆಗ ಅವರು ನಿಂತಲ್ಲಿಯೂ ನಮಗೆ ನಷ್ಟವಿಲ್ಲ. ಅದಲ್ಲದೆ, ಗುಟ್ಟನ್ನು ಕಾಯುವವನು ಯಾರೆಂದೂ ನೋಡಬೇಕು. ಅದು ಮಧ್ಯಸ್ಥನ ಕೈಯಲ್ಲಿದ್ದರೆ ಆ ಗುಟ್ಟೇ ಮಾರಾಟದ ಸರಕಾದೀತು.

ಲಾಭದ ಲೆಕ್ಕವೂ ಗುಟ್ಟಿನ ಪರವಾಗಿಯೇ ಇದೆ ಎನ್ನುವಂತಿಲ್ಲ. ಕಾಟ್ಕರ್ ಮತ್ತು ರೈಲಿ ಎಂಬ ಇಬ್ಬರು ವಿದ್ವಾಂಸರು ಈಬೇಯಲ್ಲಿ ಮಕ್ಕಳ ಆಟದ ಕಾರ್ಡುಗಳನ್ನು 50 ಜೋಡಿ ಮಾಡಿ ಮಾರಿ ನೋಡಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಬಹಿರಂಗ ಗೆರೆ, ಇನ್ನೊಂದಕ್ಕೆ ಗುಟ್ಟಿನ ಗೆರೆ. 2006ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಗುಟ್ಟಿನ ಮೀಸಲಿದ್ದಲ್ಲಿ ಮಾರಾಟವಾಗುವ ಸಂಭವವೇ ತಗ್ಗಿತು, ಬೆಲೆಯೂ ತಗ್ಗಿತು. ಆಟದ ಕಾರ್ಡು ಹತ್ತಿಯ ಅಂಡಿಗೆಯಲ್ಲ, ನಿಜ. ಆದರೂ ನಂಬಿಕೆ ಬಾರದ ಕಡೆ ಗಿರಾಕಿ ನಿಲ್ಲುವುದಿಲ್ಲವೆಂಬುದು ಎಲ್ಲ ಅಂಗಡಿಗೂ ಸಲ್ಲುವ ಮಾತು.

ಕಾಯ್ದೆ ಏನೆನ್ನುತ್ತದೆ? 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನಂತೆ, ಮೀಸಲು ಬೆಲೆ ಇದೆಯೆಂದು ಸಾರಿ ಹರಾಜು ನಡೆಸಬಹುದು. ಆದರೆ ಮೊದಲೇ ತಿಳಿಸದೆ ಮಾರುವವನು ತಾನೇ ಸವಾಲು ಕೂಗುವುದಾಗಲಿ, ತನ್ನ ಮನುಷ್ಯನಿಂದ ಕೂಗಿಸುವುದಾಗಲಿ ಕಾನೂನುಬಾಹಿರ. ಹುಸಿ ಸವಾಲಿನಿಂದ ಬೆಲೆ ಏರಿಸಿದರೆ ಕೊಂಡವನು ಆ ಮಾರಾಟವನ್ನೇ ರದ್ದುಗೊಳಿಸಬಹುದು. ಬ್ಯಾಂಕುಗಳು ಸಾಲಕ್ಕಾಗಿ ವಶಪಡಿಸಿಕೊಂಡ ಆಸ್ತಿಯನ್ನು ಹರಾಜು ಹಾಕುವಾಗ ಮೀಸಲು ಬೆಲೆಯನ್ನು ಪ್ರಕಟಣೆಯಲ್ಲೇ ಮುದ್ರಿಸುತ್ತವೆ. ಬ್ಯಾಂಕಿಗೆ ಇಲ್ಲದ ಅಂಜಿಕೆ ನಮಗೇಕೆ?

ಎಲ್ಲ ಮಾಲಿಗೂ ಒಂದೇ ನಿಯಮವಲ್ಲ. ಒಣದ್ರಾಕ್ಷಿ, ಹತ್ತಿ, ತೊಗರಿ ಕಾಯಬಲ್ಲವು. ಅವಕ್ಕೆ ಗೆರೆ ಶೋಭಿಸುತ್ತದೆ. ಟೊಮ್ಯಾಟೊ, ಸೊಪ್ಪು ಕಾಯಲಾರವು. ನಾಳೆಗೆ ಕೊಳೆಯುವುದಕ್ಕೆ ಇಂದು ಬಿಗಿ ಹಿಡಿದರೆ ಬಾಡಿಗೆಯೂ ನಮ್ಮ ತಲೆಗೇ ಬರುತ್ತದೆ. ಗೆರೆ ಹಾಕುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಬೆಲೆ ಬಾರದಿದ್ದರೆ ಮಾಲನ್ನು ನಿಜವಾಗಿ ಹಿಂದಕ್ಕೆ ಒಯ್ಯುತ್ತೇವೆಯೇ? ಒಯ್ಯುವುದಿಲ್ಲವಾದರೆ ಅದು ಗೆರೆಯಲ್ಲ, ಬರೀ ಬೆದರಿಕೆ.

ಆದುದರಿಂದ ನಮ್ಮ ಭಕ್ತರಲ್ಲಿ ನಾವು ಹೇಳುವುದು: ಕನಿಷ್ಠ ಬೆಲೆ ಇಡಿರಿ, ಸಂಕೋಚಪಡಬೇಡಿರಿ. ಇಟ್ಟದ್ದನ್ನು ಬಾಯಿಬಿಟ್ಟು ಹೇಳಿರಿ. ಅಂಕಿ ಹೇಳಲಾಗದ ಸಂದರ್ಭವಿದ್ದರೆ ಮೀಸಲು ಇದೆಯೆಂಬುದನ್ನಾದರೂ ಹೇಳಿರಿ. ನಿಮ್ಮ ಮನುಷ್ಯನನ್ನು ಸವಾಲಿಗೆ ನಿಲ್ಲಿಸಬೇಡಿರಿ. ಗೆರೆ ದಾಟಿದ ಮೇಲೆ, ಮರುದಿನ ದರ ಏರಿದರೂ ಹಳಹಳಿಸದೆ, ತೂಕದಲ್ಲಿ ಕೊರತೆ ಮಾಡದೆ ಮಾಲು ಕೊಡಿರಿ. ಕೊಂಡವನು ಮುಂದಿನ ಸುಗ್ಗಿಗೂ ನಿಮ್ಮ ಹೆಸರು ಕೇಳಿಕೊಂಡು ಬರುವಂತಾಗಲಿ.