ಲವಣತ್ಯಾಗ: ಪಥ್ಯವೋ, ವ್ರತವೋ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದರ ಬೆನ್ನಿಗೆ ಪಾರಣೆಗಳು, ನೋಂಪಿಗಳ ಉದ್ಯಾಪನೆಗಳು. ಆ ಮೇಲೆ ದೀಪಾವಳಿಯ ನಿರ್ವಾಣೋತ್ಸವ. ಈ ದಿನಗಳಲ್ಲಿ ಶ್ರಾವಕರ ಮನೆಗಳಲ್ಲಿ ಉಪವಾಸವೂ ಔತಣವೂ ಒಂದರ ಹಿಂದೊಂದು ಬರುತ್ತವೆ. ಇಂಥ ಕಾಲದಲ್ಲಿ ಯಾವ ಊರಿನಲ್ಲಿಯಾದರೂ ಕಾಣಸಿಗುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ಅರುವತ್ತು ದಾಟಿದೆ. ರಕ್ತದ ಒತ್ತಡ ಹೆಚ್ಚಿದೆ. ಉಪ್ಪನ್ನು ಮಿತಗೊಳಿಸಬೇಕೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಎಂಟು ತಿಂಗಳು ಹಾಗೆಯೇ ನಡೆದುಕೊಂಡಿದ್ದಾನೆ. ನೆಂಟರ ಮನೆಯ ಉದ್ಯಾಪನೆಯಲ್ಲಿ ಎಲೆಯ ಮುಂದೆ ಕುಳಿತವನು ಮಾತ್ರ ಸಾರು, ಹುಳಿ, ಹಪ್ಪಳ, ಸಂಡಿಗೆ, ಕೋಡುಬಳೆ ಯಾವುದನ್ನೂ ಬೇಡವೆನ್ನಲಿಲ್ಲ. ದೀಪಾವಳಿಯ ಮೂರು ದಿನಗಳೂ ಹಾಗೆಯೇ ಕಳೆದವು. ನಾಲ್ಕನೆಯ ಬೆಳಗ್ಗೆ ನೋಡಿದರೆ ಪಾದಗಳು ಊದಿಕೊಂಡಿವೆ. ಹೆದರಿದ ಗೃಹಸ್ಥನು ನಿಶ್ಚಯಿಸುತ್ತಾನೆ: ಎರಡು ದಿನ ನಿರ್ಜಲ ಉಪವಾಸ, ಇನ್ನು ಮುಂದೆ ಜೀವಾವಧಿ ಆದಿತ್ಯವಾರಗಳಂದು ಉಪ್ಪಿನ ತ್ಯಾಗ. ಮನೆಯವರು ಆತನ ವೈರಾಗ್ಯವನ್ನು ಕೊಂಡಾಡುತ್ತಾರೆ.

ಆತನು ಕೈಗೊಂಡದ್ದು ತಪಸ್ಸೇ? ಎಂಟು ತಿಂಗಳು ಆತನು ನಡೆಸಿದ ಪಥ್ಯವಾದರೂ ಏನು? ಅದು ಮುರಿದಾಗ ಮುರಿದದ್ದು ವ್ರತವೋ, ವೈದ್ಯರ ಸಲಹೆ ಮಾತ್ರವೋ? ಇದು ಒಬ್ಬನ ಪ್ರಶ್ನೆಯಲ್ಲ. ಇಂದು ಅನೇಕ ಮನೆಗಳ ಅಡುಗೆಮನೆಯೊಳಗೆ ಹೊಕ್ಕಿರುವ ಪ್ರಶ್ನೆ.

ಉಮಾಸ್ವಾಮಿ ಆಚಾರ್ಯರು ಹೇಳಿದ ಆರು ಬಾಹ್ಯತಪಗಳಲ್ಲಿ ಅನಶನ, ಅವಮೌದರ್ಯಗಳೊಡನೆ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಅಥವಾ ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಉಪ್ಪನ್ನು ಬಿಡುವುದು ಕಠಿಣವೆಂಬುದು ಬಿಟ್ಟು ನೋಡಿದವರಿಗೆಲ್ಲ ಗೊತ್ತು. ತುಪ್ಪವಿಲ್ಲದ ಅನ್ನ ಗಂಟಲಲ್ಲಿ ಇಳಿಯುತ್ತದೆ. ಉಪ್ಪಿಲ್ಲದ ಸಾರು ಇಳಿಯಲೊಲ್ಲದು. ಉಪ್ಪಿಗಿಂತ ರುಚಿಯಿಲ್ಲವೆಂದು ಹಿರಿಯರು ಆಡಿದ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದಿತ್ಯವಾರ ಉಪ್ಪು, ಶನಿವಾರ ಎಣ್ಣೆ ಎಂದು ವಾರದ ದಿನಗಳಿಗೆ ತ್ಯಾಗವನ್ನು ಹಂಚಿಕೊಳ್ಳುವ ರೂಢಿ ಸಮಾಜದಲ್ಲಿ ಇಂದಿಗೂ ಇದೆ.

ಹೀಗಿರುವಾಗ ಉಪ್ಪಿಲ್ಲದ ಗಂಜಿಯ ಮೂರು ಬಟ್ಟಲುಗಳನ್ನು ಎದುರಿಗಿಟ್ಟು ನೋಡಬೇಕು. ಒಂದನ್ನು ಸೆರೆಮನೆಯವನು ಉಣ್ಣುತ್ತಾನೆ. ಆತನಿಗೆ ಉಪ್ಪನ್ನು ಕೊಟ್ಟಿಲ್ಲ. ಇನ್ನೊಂದನ್ನು ರೋಗಿ ಉಣ್ಣುತ್ತಾನೆ. ಆತನಿಗೆ ಉಪ್ಪನ್ನು ಬೇಡವೆಂದಿದ್ದಾರೆ. ಮೂರನೆಯದನ್ನು ವ್ರತಿಯು ಉಣ್ಣುತ್ತಾನೆ. ಉಪ್ಪು ಕೈಗೆಟುಕುವಲ್ಲಿಯೇ ಇದೆ, ಆತನೇ ಬೇಡವೆಂದಿದ್ದಾನೆ. ನಾಲಗೆಗೆ ಮೂರೂ ಒಂದೇ. ಆದರೆ ಕರ್ಮಸಿದ್ಧಾಂತಕ್ಕೆ ಮೂರೂ ಒಂದೇ ಅಲ್ಲ. ಸೆರೆಯಲ್ಲಿ ಬಿದ್ದವನು ಮನಸ್ಸಿಲ್ಲದೆ ಸಹಿಸುವ ಹಸಿವು ಬಾಯಾರಿಕೆಗಳಿಗೆ ಅಕಾಮನಿರ್ಜರೆ ಎಂಬ ಹೆಸರಿದೆ. ದೇವಾಯುಷ್ಯದ ಆಸ್ರವಕ್ಕೆ ಕಾರಣವಾಗುವವುಗಳಲ್ಲಿ ಅದನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಆದುದರಿಂದ ಅದನ್ನು ಪೂರ್ತಿ ನಿಷ್ಫಲವೆನ್ನಲಾಗದು. ಆದರೆ ಸಂವರಪೂರ್ವಕವಾದ ತಪಸ್ಸಿನ ಸಾಲಿನಲ್ಲಿ ಅದನ್ನು ಕೂರಿಸಲೂ ಆಗದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅನಶನವನ್ನು ವಿವರಿಸುವಾಗ, ಕಣ್ಣೆದುರಿನ ಲೌಕಿಕ ಫಲವನ್ನು ಬಯಸದೆ, ಸಂಯಮಕ್ಕಾಗಿ, ರಾಗದ ಛೇದನಕ್ಕಾಗಿ ಮಾಡುವುದೆಂದು ಮೊದಲೇ ಗೆರೆ ಎಳೆದಿದ್ದಾರೆ. ಒತ್ತಡ ಇಳಿಯಲೆಂದು ಮಾಡಿದ ಉಪವಾಸಕ್ಕೆ ಒತ್ತಡ ಇಳಿಯುವುದೇ ಫಲ. ಅದು ತಪ್ಪಲ್ಲ, ಅದಕ್ಕೆ ತಪಸ್ಸೆಂಬ ಹೆಸರು ಸಲ್ಲದು, ಅಷ್ಟೆ.

ಹಾಗಾದರೆ ರೋಗಿಯ ಬಟ್ಟಲು ಸೆರೆಯವನ ಬಟ್ಟಲಿನ ಪಕ್ಕದಲ್ಲಿಯೇ ಉಳಿಯಬೇಕೇ? ಇಲ್ಲಿ ಸಮಂತಭದ್ರಾಚಾರ್ಯರ ಕಡೆಗೆ ತಿರುಗಬೇಕಾಗುತ್ತದೆ. ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಅವರು ತ್ರಸಘಾತ, ಬಹುಘಾತ, ಪ್ರಮಾದಗಳಿಗೆ ಎಡೆಗೊಡುವ ವಸ್ತುಗಳನ್ನು ಮಾತ್ರ ನಿಷೇಧಿಸಿ ಸುಮ್ಮನಾಗಲಿಲ್ಲ. ಶುದ್ಧವಾಗಿದ್ದರೂ ಯಾರಿಗೆ ಯಾವುದು ಅನಿಷ್ಟವೋ, ಎಂದರೆ ಯಾರ ಶರೀರಕ್ಕೆ ಯಾವುದು ಒಗ್ಗದೋ, ಅದನ್ನೂ ಆತನು ಬಿಡಬೇಕೆಂದರು. ಜೊತೆಗೆ, ಸೇವಿಸಲು ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ, ಸಂಕಲ್ಪಮಾಡಿ ಹಿಂದೆಗೆಯುವುದೇ ವ್ರತವೆಂದರು. ಆದುದರಿಂದ ಪಥ್ಯಕ್ಕೆ ವ್ರತದ ಬಾಗಿಲು ಮುಚ್ಚಿಲ್ಲ. ವೈದ್ಯರ ಮಾತಿನಿಂದ ತಿಳಿಯುವುದು ಉಪ್ಪು ತನಗೆ ಅನಿಷ್ಟವೆಂಬ ಸಂಗತಿ. ತಿಳಿದ ಮೇಲೆ ಹೆದರಿ ಬಿಡುವುದೋ, ಜಿಹ್ವೇಂದ್ರಿಯದ ದರ್ಪವನ್ನು ಕಂಡು ಅದನ್ನು ಇಳಿಸಲು ಬಿಡುವುದೋ ಎಂಬುದು ಆತನ ಕೈಯಲ್ಲಿದೆ. ಭಯದಿಂದ ಆರಂಭವಾದ ತ್ಯಾಗವೂ ಸಂಕಲ್ಪವಾಗಿ ಮಾಗಬಹುದು. ಔತಣದ ದಿನ ಆ ಗೃಹಸ್ಥನಿಗೆ ತಿಳಿದದ್ದು ಇಷ್ಟೇ: ಎಂಟು ತಿಂಗಳಲ್ಲಿ ಅದು ಮಾಗಿರಲಿಲ್ಲ. ಕಾವಲುಗಾರನು ಆಚೆ ಹೋದೊಡನೆ ಸೆರೆಯವನು ಗೋಡೆ ಹಾರಿದ್ದನು.

ಇನ್ನು ಪರಿಮಾಣವೆಂಬ ಶಬ್ದದ ವಿಷಯ. ಪರಿಮಾಣವೆಂದರೆ ಅಳತೆ. ಅಳತೆಯೇ ಗೊತ್ತಿಲ್ಲದವನು ಪರಿಮಾಣವ್ರತಿಯಾಗುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ಅಂದಾಜಿಗೆ ಒಂದು ಸಮಮಟ್ಟದ ಚಹಾ ಚಮಚದಷ್ಟು. ಹೃದಯ, ಮೂತ್ರಪಿಂಡಗಳ ರೋಗವಿದ್ದವರಿಗೆ ವೈದ್ಯರು ಬೇರೆ ಅಳತೆಯನ್ನು ಹೇಳಬಹುದು. ಜಗತ್ತಿನ ಸರಾಸರಿ ಸೇವನೆ ಇದರ ಎರಡರಷ್ಟಿದೆ ಎಂದು ಅದೇ ಸಂಸ್ಥೆಯ ಅಂದಾಜು. ಐದು ಜನರ ಮನೆಯಲ್ಲಿ ಈ ಮಿತಿಯನ್ನು ಪಾಲಿಸಿದರೆ ಒಂದು ಕಿಲೋ ಉಪ್ಪು 40 ದಿನ ಬರಬೇಕು, ಅದೂ ಹೊರಗಿನ ತಿಂಡಿ, ಹಪ್ಪಳ, ಉಪ್ಪಿನಕಾಯಿ ಏನೂ ಇಲ್ಲದಿದ್ದರೆ. ಡಬ್ಬಿಯಲ್ಲಿ ಉಪ್ಪು ತುಂಬಿದ ತಾರೀಖನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿಟ್ಟು ನೋಡಿದರೆ ಯಾರಿಗೂ ಉಪದೇಶ ಬೇಕಾಗದು. ಪೊಟ್ಟಣಗಳ ಮೇಲೆ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದು ಅಚ್ಚಾಗಿರುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ಅಡುಗೆ ಸೋಡಾ, ಹಪ್ಪಳದ ಖಾರ ಇವೂ ಸೋಡಿಯಮ್ಮಿನ ಲೆಕ್ಕಕ್ಕೇ ಸೇರುತ್ತವೆ. ಪರಿಗ್ರಹ ಪರಿಮಾಣಕ್ಕೆ ಹೊಲ, ಹಣ, ಧಾನ್ಯಗಳನ್ನು ಎಣಿಸಲು ಹಿಂಜರಿಯದ ಶ್ರಾವಕನು ಚಮಚವನ್ನು ಎಣಿಸಲು ನಾಚಬೇಕಾದ್ದಿಲ್ಲ.

ಆಗಮವು ಸಾವಿರಾರು ವರ್ಷಗಳ ಹಿಂದೆಯೇ ಇದನ್ನೆಲ್ಲ ಕಂಡಿತ್ತು, ವಿಜ್ಞಾನ ಈಗ ಒಪ್ಪುತ್ತಿದೆ ಎಂದು ವೇದಿಕೆಗಳಲ್ಲಿ ಆಡುವ ಮಾತಿಗೆ ಚಪ್ಪಾಳೆ ಬೀಳುತ್ತದೆ. ಅವಮೌದರ್ಯದ ಪ್ರಯೋಜನಗಳಲ್ಲಿ ದೋಷಶಮನವನ್ನೂ ಪೂಜ್ಯಪಾದರು ಹೇಳಿರುವುದು ನಿಜ. ಆದರೆ ಅದು ಸಂಯಮ, ಜಾಗರೂಕತೆ, ಸಂತೋಷ, ಸ್ವಾಧ್ಯಾಯಗಳ ನಡುವೆ ಒಂದು ಮಾತು. ರಸಪರಿತ್ಯಾಗವು ರಕ್ತದ ಒತ್ತಡಕ್ಕೆ ಔಷಧವೆಂದು ಹೊಗಳುವವನು ಅದನ್ನು ಎತ್ತರಿಸಿದಂತೆ ಕಂಡರೂ ಅಂಗಡಿಯ ಕಪಾಟಿಗೆ ಇಳಿಸಿದ್ದಾನೆ.

ಆದಿತ್ಯವಾರದ ತ್ಯಾಗದ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡಬಹುದು. ಅದು ಶುದ್ಧ ಮನಸ್ಸಿನಿಂದ ಮಾಡಿದರೆ ಒಳ್ಳೆಯ ನಿಯಮವೇ. ಆದರೆ ಒಂದು ದಿನ ಬಿಟ್ಟೆನೆಂದು ಆರು ದಿನ ಕೈಬಿಚ್ಚಿ ಉಣ್ಣುವ ಶರೀರಕ್ಕೆ ಅದರಿಂದ ರಕ್ಷಣೆಯಿಲ್ಲ. ವೈದ್ಯರು ಕೇಳುವುದು ವಾರಕ್ಕೊಂದು ಸಾಹಸವಲ್ಲ, ಪ್ರತಿದಿನದ ಮಿತಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಕರ್ಮಫಲಕ್ಕೆ ಸಲ್ಲುವಂತೆ ದೇಹಕ್ಕೂ ಸಲ್ಲುತ್ತದೆ. ಹೆಚ್ಚಾದ ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೂಕ ಏರುತ್ತದೆ, ಪಾದ ಊದಬಹುದು, ಒತ್ತಡ ಏರುತ್ತದೆ. ಮೂತ್ರಪಿಂಡಗಳು ಸ್ವಸ್ಥವಾಗಿದ್ದರೆ, ಮಿತವಾದ ಉಪ್ಪಿಗೆ ಹಿಂದಿರುಗಿದ ಕೆಲವು ದಿನಗಳಲ್ಲಿ ಅವು ಅದನ್ನು ಹೊರಹಾಕುತ್ತವೆ. ಆ ಕೆಲಸಕ್ಕೂ ಅವುಗಳಿಗೆ ನೀರು ಬೇಕು. ಮೂತ್ರವನ್ನು ಹೆಚ್ಚಿಸುವ ಮಾತ್ರೆ ನುಂಗುವ ವೃದ್ಧನು ಅದೇ ಸಮಯದಲ್ಲಿ ಎರಡು ದಿನ ನೀರನ್ನೂ ತೊರೆದರೆ ಒತ್ತಡ ಒಮ್ಮೆಗೇ ಕುಸಿಯಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಬಾವು ಇಳಿಯದಿದ್ದರೆ, ಮಲಗಿದಾಗಲೋ ಮೆಟ್ಟಿಲು ಹತ್ತಿದಾಗಲೋ ಏದುಸಿರು ಬಂದರೆ, ಹೋಗಬೇಕಾದದ್ದು ಆಸ್ಪತ್ರೆಗೆ. ಪ್ರತ್ಯಾಖ್ಯಾನಕ್ಕೆ ಕೂರುವ ವೇಳೆ ಅದಲ್ಲ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಶಕ್ತಿಗೆ ತಕ್ಕಂತೆ ಎಂದು ಸೇರಿಸಿದ್ದು ಅಲಂಕಾರಕ್ಕಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಪೂರ್ಣ ಉಪವಾಸಕ್ಕೆ ಶಕ್ತಿಯಿಲ್ಲದವರು ನೀರನ್ನು ಮಾತ್ರ ತೆಗೆದುಕೊಂಡು ಅನುಪವಾಸ ಮಾಡಲಿ, ಅದೂ ಆಗದವರು ನೀರಸ ಭೋಜನದಂಥದ್ದನ್ನು ಮಾಡಲಿ ಎಂದು ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ. ಮೆಟ್ಟಿಲಿರುವಾಗ ಹಾರುವುದೇಕೆ?

ಹಾರುವುದಕ್ಕೆ ಕಾರಣ ಒಂದಿದೆ, ಮತ್ತು ಅದು ಪರೀಕ್ಷೆಗೆ ಯೋಗ್ಯವಾದದ್ದು. ಔತಣಕ್ಕೆ ಸರಿಯಾಗಿ ಉಪವಾಸವನ್ನು ತೂಗಿ ಕೊಟ್ಟರೆ ಸಾಲ ತೀರಿತೆಂಬ ಭಾವನೆ ಮನಸ್ಸಿಗೆ ಹಿತವಾಗಿರುತ್ತದೆ. ಸಾಲ ತೀರಿದವನಿಗೆ ಮತ್ತೆ ಸಾಲ ಸಿಗುತ್ತದೆ! ಮುಂದಿನ ಔತಣದಲ್ಲಿ ಕೈ ಇನ್ನಷ್ಟು ಧೈರ್ಯದಿಂದ ನೀಡುತ್ತದೆ. ಹೇಗೂ ಆಮೇಲೆ ಉಪವಾಸವಿದೆಯಲ್ಲ. ಹೀಗೆ ಉಂಡದ್ದೂ ಉಪವಾಸವಿದ್ದದ್ದೂ ಒಂದೇ ರಾಗದ ಎರಡು ಮುಖಗಳಾಗುತ್ತವೆ. ಶಲ್ಯವಿಲ್ಲದವನೇ ವ್ರತಿ ಎಂಬ ಮಾತನ್ನು ಬಲ್ಲವರು ಈ ಉಪವಾಸದೊಳಗೆ ಮಾಯೆಯ ಮುಳ್ಳನ್ನೂ, ಮುಂದಿನ ಭೋಗದ ನಿದಾನವನ್ನೂ ಗುರುತಿಸದೆ ಇರಲಾರರು. ಸಮಂತಭದ್ರರು ಉಪವಾಸಕ್ಕೆ ಹಿಂದೆ ಮುಂದೆ ಏಕಭುಕ್ತಿಯನ್ನಿಟ್ಟು ಪ್ರೋಷಧೋಪವಾಸವೆಂದರು. ಧಾರಣೆಯ ದಿನವೂ ಒಂದೇ ಊಟ, ಪಾರಣೆಯ ದಿನವೂ ಒಂದೇ ಊಟ. ಎರಡು ಔತಣಗಳ ನಡುವೆ ಉಪವಾಸವನ್ನು ತುರುಕುವುದಕ್ಕೆ ಅಲ್ಲಿ ಜಾಗವಿಲ್ಲ.

ತಪ್ಪಿದವನು ಏನು ಮಾಡಬೇಕು? ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ತಪಸ್ಸು ಆರನೆಯದು, ಆಲೋಚನೆ ಮೊದಲನೆಯದು. ಎಂದರೆ ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದು. ದಂಡವನ್ನು ತಾನೇ ಆರಿಸಿಕೊಳ್ಳುವುದು ಎಷ್ಟೋ ಸಲ ಹೇಳುವುದನ್ನು ತಪ್ಪಿಸಿಕೊಳ್ಳುವ ಉಪಾಯ. ಪಥ್ಯದ ವಿಷಯದಲ್ಲಿ ವೈದ್ಯರಿಗೂ ಹೇಳಬೇಕು: ಇಂಥ ದಿನ ಇಷ್ಟು ಉಂಡೆ, ಈಗ ಹೀಗಾಗಿದೆ ಎಂದು. ಮುಂದಿನ ಊಟದಲ್ಲಿಯೇ ಹಳೆಯ ಅಳತೆಗೆ ಹಿಂದಿರುಗಬೇಕು, ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇದರಲ್ಲಿ ಯಾರೂ ಕೊಂಡಾಡುವಂಥದ್ದೇನೂ ಇಲ್ಲವಾದ್ದರಿಂದ ಇದು ಎರಡು ದಿನದ ಉಪವಾಸಕ್ಕಿಂತ ಕಷ್ಟ. ಅನುಭವಿಸಿದ ಭೋಗವನ್ನು ನೆನೆನೆನೆದು ಸವಿಯುವುದನ್ನೂ ಈ ವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಮರೆಯತಕ್ಕದ್ದಲ್ಲ. ಉದ್ಯಾಪನೆಯ ಹುಳಿಯ ರುಚಿಯನ್ನು ಹದಿನೈದು ದಿನ ಜಗಲಿಯಲ್ಲಿ ಕುಳಿತು ವರ್ಣಿಸುವವನು ಅದನ್ನು ಹದಿನೈದು ಸಲ ಉಣ್ಣುತ್ತಿದ್ದಾನೆ.

ಅಡುಗೆ ಮಾಡುವವರ ತೊಡಕು ಬೇರೆ. ಉಪ್ಪಿನ ಬದಲು ಬೆಳ್ಳುಳ್ಳಿ, ಈರುಳ್ಳಿ, ಹಸಿಶುಂಠಿ ಹಾಕಿರೆಂಬ ಸಾಮಾನ್ಯ ಸಲಹೆ ಜೈನ ಅಡುಗೆಮನೆಗೆ ಒದಗುವುದಿಲ್ಲ. ನಿಂಬೆ, ಹುಣಸೆ, ಮಾವಿನಕಾಯಿ, ಕರಾವಳಿಯಲ್ಲಿ ಪುನರ್ಪುಳಿ, ಕಾಳುಮೆಣಸು, ಹುರಿದ ಜೀರಿಗೆ, ಒಣಶುಂಠಿ, ಕೊತ್ತಂಬರಿ ಸೊಪ್ಪು ಇವುಗಳಿಂದ ಸಾಗಿಸಬಹುದು. ಸೈಂಧವ ಲವಣಕ್ಕೆ ದೋಷವಿಲ್ಲವೆಂಬ ನಂಬಿಕೆ ತಪ್ಪು; ಅದರ ಬಹುಭಾಗ ಸೋಡಿಯಂ ಕ್ಲೋರೈಡೇ. ಕಡಿಮೆ ಸೋಡಿಯಮ್ಮಿನದೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಮೂತ್ರಪಿಂಡದ ರೋಗಿಗಳಿಗೂ, ಒತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಅದು ಅಪಾಯಕಾರಿಯಾಗಬಹುದಾದ್ದರಿಂದ ಕೇಳಿಯೇ ತರಬೇಕು. ಕೆಲವು ವಾರ ತಾಳಿಕೊಂಡರೆ ನಾಲಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ, ಹಿಂದಿನ ಸಾರು ಆಗ ಉಪ್ಪುಪ್ಪಾಗಿ ತೋರುತ್ತದೆ.

ಕೊನೆಯದಾಗಿ, ಬಡಿಸುವವರ ಪಾಲು. ಕೃತ, ಕಾರಿತ, ಅನುಮತಗಳೆಂದು ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ, ಬೇಡವೆಂದವನ ಎಲೆಗೆ ಬಲವಂತವಾಗಿ ಹಪ್ಪಳವನ್ನು ಇಳಿಬಿಟ್ಟು, ಒಂದು ದಿನಕ್ಕೇನಾಗುತ್ತದೆ ಭಾವಯ್ಯ ಎನ್ನುವವರು ಹೊರಗುಳಿಯಲಾರರು. ಉಣ್ಣದಿದ್ದರೆ ಮನೆಯೊಡತಿ ನೊಂದುಕೊಳ್ಳುತ್ತಾಳೆಂಬ ಸಂಕೋಚದಿಂದಲೇ ಎಷ್ಟೋ ಪಥ್ಯಗಳು ಮುರಿದಿವೆ. ಉದ್ಯಾಪನೆ ಮಾಡಿಸುವ ಮನೆಯವರು ಹುಳಿಗೂ ಸಾರಿಗೂ ಉಪ್ಪನ್ನು ಅರ್ಧದಷ್ಟೇ ಹಾಕಿಸಲಿ. ಎಲೆಯ ತುದಿಗೆ ಉಪ್ಪನ್ನು ಬಡಿಸುವ ಪದ್ಧತಿ ಹೇಗೂ ಇದೆ. ಬೇಕಾದವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ.