ಪರವೂರಿನ ಚಪ್ಪಾಳೆ

ಗಡಿಯ ಊರಿನಲ್ಲಿ ಹುಟ್ಟಿದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ನೀವು ಯಾವ ಕಡೆಯವರು? ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಸಂಬಂಧ ನೋಡಲು ಬಂದವರು ಕೇಳುತ್ತಾರೆ, ಚುನಾವಣೆ ಬಂದರಂತೂ ಎಲ್ಲರೂ ಕೇಳುತ್ತಾರೆ. ನಮ್ಮ ಜಾಂಬೋಟಿ ಇರುವುದು ಖಾನಾಪುರ ತಾಲ್ಲೂಕಿನಲ್ಲಿ, ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋಗುವ ದಾರಿಯಲ್ಲಿ. ಕಾಡು, ಮಳೆ, ಎರಡು ಭಾಷೆ. 1956ರವರೆಗೆ ಈ ಸೀಮೆಯೆಲ್ಲ ಮುಂಬಯಿ ರಾಜ್ಯದಲ್ಲಿತ್ತು. ಒಂದೇ ಓಣಿಯಲ್ಲಿ ನಮ್ಮ ಮನೆಮಾತು ಕನ್ನಡ, ಪಕ್ಕದ ಮನೆಯದು ಮರಾಠಿ. ಹಿತ್ತಲ ಬೇಲಿಯ ಹತ್ತಿರ ನಿಂತು ಹೆಂಗಸರು ಆಡುವುದು ಎರಡೂ ಕೂಡಿದ ಮೂರನೆಯದೊಂದು.

ಈ ಪ್ರಶ್ನೆ ನಮ್ಮನ್ನು ಆಟದ ಮೈದಾನದವರೆಗೂ ಬೆನ್ನಟ್ಟಿ ಬಂದದ್ದುಂಟು. ಮೆಚ್ಚಿದ ತಂಡದ ಹಿಂದೆ ಪರವೂರಿಗೆ ಹೋಗಿ, ಆ ಊರಿನವರ ನಡುವೆ ಕೂತು ಆಟ ನೋಡುವವರು ಆ ಊರಿಗೆ ಏನಾಗಬೇಕು? ಅತಿಥಿಗಳೋ, ಎದುರಾಳಿಗಳೋ? ತಮ್ಮವರು ಗೆದ್ದರೆ ಎದ್ದು ಚಪ್ಪಾಳೆ ತಟ್ಟಬಹುದೋ, ಮನೆಯವರ ಮುಖ ನೋಡಿ ಕೈ ಕಟ್ಟಿ ಕೂರಬೇಕೋ? ಕೇಳಲು ಸಣ್ಣ ವಿಷಯ. ನನಗೆ ಅದು ಸಣ್ಣದೆಂದು ಅನ್ನಿಸುವುದಿಲ್ಲ.

ನಮ್ಮ ನೆರೆಮನೆಯ ವೈನಿ ಮುಂಬಯಿ ತಂಡದ ಕಡೆ. ಅವರ ಅಣ್ಣಂದಿರು ಗಿರಣಿ ಕೆಲಸಕ್ಕೆಂದು ಮುಂಬಯಿ ಸೇರಿದವರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋದರೂ ಊರಿಗೆ ಮರಳಲಿಲ್ಲ. ರಜೆಗೆ ಬಂದಾಗಲೆಲ್ಲ ತಂಗಿಗೆ ಗಾವಸ್ಕರನ ಕಥೆ ಹೇಳುತ್ತಿದ್ದರು. 1958-59ರಿಂದ 1972-73ರವರೆಗೆ ಸತತ ಹದಿನೈದು ಸಲ ರಣಜಿ ಟ್ರೋಫಿ ಗೆದ್ದ ತಂಡ ಅದು. ಆ ಸರಪಳಿ ಕಡಿದದ್ದು 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ, ಪ್ರಸನ್ನ ನಾಯಕರಾಗಿದ್ದ ನಮ್ಮ ತಂಡ. ನಮ್ಮ ಮನೆಯಲ್ಲಿ ಆ ಕಥೆ ಎಷ್ಟು ಸಲ ಬಂತೋ, ಬೇಲಿಯಾಚೆ ಅಷ್ಟೇ ಸಲ ಪಾತ್ರೆ ಜೋರಾಗಿ ಸದ್ದಾಗುತ್ತಿತ್ತು.

2010ರ ಜನವರಿಯಲ್ಲಿ ಕರ್ನಾಟಕ, ಮುಂಬಯಿ ಮತ್ತೆ ಎದುರಾದವು. ಈ ಸಲ ಫೈನಲ್, ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಯಜಮಾನರು ಹೊರಟರು, ನಾನೂ ಹೊರಟೆ. ವೈನಿ ಬೇಲಿಗೆ ಬಂದು, "ನನ್ನೂ ಕರಕೊಂಡ ಹೋಗ್ರಿ, ನಮ್ಮವರ ಆಟಾನೂ ಐತಲ್ಲ" ಎಂದರು. ಬೆಳಗಾವಿಯಲ್ಲಿ ಒಂದು ಕಿಲೋ ಕುಂದಾ ಕಟ್ಟಿಸಿಕೊಂಡು ರಾತ್ರಿ ಬಸ್ಸು ಹತ್ತಿದೆವು. ನಕಾಶೆ ತೆಗೆದು ನೋಡಿ: ನಮ್ಮೂರಿನಿಂದ ಮೈಸೂರೂ ಐನೂರು ಕಿಲೋಮೀಟರಿನ ಆಸುಪಾಸು, ಮುಂಬಯಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗೆ ನೋಡಿದರೆ ಮೈಸೂರಿಗೆ ನಾವೂ ದೂರದಿಂದ ಬಂದವರೇ. ಆದರೆ ಅಲ್ಲಿ ನಾನು ಮನೆಯವಳು, ವೈನಿ ಹೊರಗಿನವರು!

ಗಂಗೋತ್ರಿ ಗ್ಲೇಡ್ಸ್ ದೊಡ್ಡ ಕ್ರೀಡಾಂಗಣವಲ್ಲ. ಸುತ್ತ ಮರಗಳು. ಜನ ಎಷ್ಟು ಸೇರಿದ್ದರೆಂದರೆ ಹುಡುಗರು ಮರ ಹತ್ತಿ ಕೂತಿದ್ದರು. ಕರ್ನಾಟಕ ಮೊದಲ ಸರದಿಯಲ್ಲಿ ಬರೀ 130. ಗೆಲ್ಲಲು 338 ಬೇಕೆಂದಾಗ ಯಾರಿಗೂ ಆಸೆ ಇರಲಿಲ್ಲ. ಮೂರು ವಿಕೆಟ್ ಬೇಗ ಬಿದ್ದವು. ಆಮೇಲೆ ಮನೀಶ್ ಪಾಂಡೆ, ಗಣೇಶ್ ಸತೀಶ್ ನಿಂತರು. ಜೊತೆಯಾಟ ಇನ್ನೂರು ದಾಟಿತು. ನಾಲ್ಕನೆಯ ದಿನ ಮೈದಾನಕ್ಕೆ ಮೈದಾನವೇ ಒಂದು ಗಂಟಲಾಗಿತ್ತು.

ಆ ದಿನ ಸಂಕ್ರಾಂತಿ. ನಮ್ಮ ಪಕ್ಕ ಕೂತಿದ್ದ ಮೈಸೂರಿನ ಹೆಂಗಸೊಬ್ಬರು ಚೀಲದಿಂದ ಡಬ್ಬಿ ತೆಗೆದು, "ಹಬ್ಬದ ದಿನ, ತಗೊಳ್ಳೀಮ್ಮಾ" ಎಂದು ಎಳ್ಳು-ಬೆಲ್ಲ ಕೊಟ್ಟರು. ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ನಾವು ಹೇಳುವುದನ್ನೇ ವೈನಿಯ ಮನೆಯಲ್ಲಿ "ತಿಳಗೂಳ ಘ್ಯಾ, ಗೋಡ ಬೋಲಾ" ಎನ್ನುತ್ತಾರೆ. ನಾವು ಕುಂದಾ ಕೊಟ್ಟೆವು. ಮಾತಿಗೆ ಮಾತು ಬಂದು ಆಕೆ ಕೇಳಿದರು, "ಬೆಳಗಾವೀನಾ? ಅಷ್ಟು ದೂರದಿಂದ ಕರ್ನಾಟಕ ಗೆಲ್ಲಲಿ ಅಂತ ಬಂದ್ರಾ?" ನಾನು ಹೌದೆಂದೆ. ವೈನಿ ನಕ್ಕು ತಲೆ ತಗ್ಗಿಸಿದರು.

ಪಾಂಡೆ 144ಕ್ಕೆ ಔಟಾದ ಮೇಲೆ ಆಟ ಜಾರಿತು. ಅಗರ್ಕರ್ ಒಬ್ಬೊಬ್ಬರನ್ನೇ ಕಳಿಸಿದರು. ಆದರೂ ಕೊನೆಯ ಹುಡುಗರು ಹೋರಾಡಿ ಹೋರಾಡಿ 331ರವರೆಗೆ ಬಂದರು. ಆರು ರನ್ನಿನಿಂದ ಸೋಲು. ಅಷ್ಟು ದೊಡ್ಡ ಮೌನ ನಾನು ಮತ್ತೆಲ್ಲೂ ಕೇಳಿಲ್ಲ. ಆ ಮೌನದಲ್ಲಿ ವೈನಿಯ ಕೈ ನೋಡಿದೆ. ಸೆರಗಿನ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಅವರ ತಂಡ ಭಾರತದ ದೊಡ್ಡ ಟ್ರೋಫಿ ಗೆದ್ದಿತ್ತು, ಅದನ್ನು ಕಣ್ಣಾರೆ ಕಂಡಿದ್ದರು, ಒಂದು ಚಪ್ಪಾಳೆ ಕೂಡ ತಟ್ಟಲಿಲ್ಲ.

ಬಸ್ಸಿನಲ್ಲಿ ಕೇಳಿದೆ. "ಎಳ್ಳು-ಬೆಲ್ಲ ತಿಂದು ಅವರ ಮುಂದ ಹೆಂಗ ಚಪ್ಪಾಳಿ ಹೊಡೀಲಿ?" ಎಂದರು.

ಕೇಳಿದವರೆಲ್ಲ ಇದನ್ನು ದೊಡ್ಡ ಗುಣ ಎಂದರು. ದೊಡ್ಡ ಗುಣವೇ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಹೆಣ್ಣುಮಕ್ಕಳಿಗೆ ಈ ಗುಣವನ್ನು ಚಿಕ್ಕಂದಿನಿಂದ ಕಲಿಸುತ್ತೇವಲ್ಲ! ಮದುವೆಯಾಗಿ ಬಂದ ಮನೆಯಲ್ಲಿ ತವರಿನ ಸುದ್ದಿ ಜೋರಾಗಿ ಹೇಳಬಾರದು, ತವರಿನವರು ಗೆದ್ದ ದಾವೆಗೆ ಗಂಡನ ಮನೆಯಲ್ಲಿ ಸಿಹಿ ಹಂಚಬಾರದು. ಅನ್ನ ಉಂಡ ಮನೆಯವರ ದುಃಖಕ್ಕೆ ದುಃಖಿಸಬೇಕು, ಸರಿ. ಆದರೆ ಸಂತೋಷ ಮುಚ್ಚಿಟ್ಟುಕೊಳ್ಳುವ ಭಾರವೆಲ್ಲ ಅತಿಥಿಯದೇ ಏಕೆ? ಅತಿಥಿ ಹೆದರದೆ ನಗುವ ಹಾಗೆ ಇಡುವುದು ಮನೆಯವರ ಕೆಲಸವಲ್ಲವೇ? ಆ ಮಧ್ಯಾಹ್ನ ಮನೆಯವರೆಂದರೆ ನಾವು. ಎಳ್ಳು-ಬೆಲ್ಲ ಕೊಟ್ಟ ಆಕೆಗೆ ವೈನಿ ಮುಂಬಯಿಯ ಕಡೆಯವರೆಂದು ತಿಳಿದಿದ್ದರೆ ಇನ್ನೊಂದು ಹಿಡಿ ಕೊಡುತ್ತಿದ್ದರೇ ಹೊರತು ಬೇರೇನೂ ಮಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅದನ್ನು ಪರೀಕ್ಷಿಸುವ ಧೈರ್ಯ ಮಾತ್ರ ಪರವೂರಿನವರಿಗೆ ಸುಲಭವಾಗಿ ಬರುವುದಿಲ್ಲ.

ಬರದಿರಲು ಕಾರಣವೂ ಇದೆ. 1996ರ ಮಾರ್ಚ್ 13ರಂದು ಕಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಭಾರತ ಸೋಲುವ ಹಾದಿ ಹಿಡಿದಾಗ ಜನ ಬಾಟಲಿ ಎಸೆದರು, ಬೆಂಕಿ ಹಚ್ಚಿದರು. ಪಂದ್ಯ ಅಲ್ಲಿಗೇ ನಿಂತು ಶ್ರೀಲಂಕಾ ಗೆದ್ದಿತೆಂದು ಘೋಷಿಸಬೇಕಾಯಿತು. ಅಮೆರಿಕದ ಶಿಕಾಗೋದಲ್ಲಿ 1914ರಲ್ಲಿ ಕಟ್ಟಿದ ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿದೆ. ಆ ಆಟದಲ್ಲಿ ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವರದ್ದೇ. ಆದರೆ ರಿಗ್ಲಿಯಲ್ಲಿ ಎದುರಾಳಿ ತಂಡದವನು ಹೊಡೆದ ಹೋಮ್‌ರನ್ ಚೆಂಡು ಕೈಗೆ ಸಿಕ್ಕರೆ ಸುತ್ತಲಿನವರೆಲ್ಲ "ವಾಪಸ್ ಎಸೆ, ವಾಪಸ್ ಎಸೆ" ಎಂದು ಕೂಗುತ್ತಾರೆ. ಅಲ್ಲಿರುವ ನನ್ನ ಅಕ್ಕನ ಮಗಳು ಹೇಳಿ ನಗುತ್ತಿದ್ದಳು. ತಮಾಷೆಯೇ ಇರಬಹುದು. ಆದರೆ ಪರವೂರಿನಿಂದ ಮಗುವನ್ನು ಕರೆತಂದ ತಾಯಿಯೊಬ್ಬಳು, ತಮ್ಮ ತಂಡದವನೇ ಹೊಡೆದ ಚೆಂಡನ್ನು ಮಗುವಿನ ಕೈಯಲ್ಲಿಟ್ಟುಕೊಂಡು ಆ ಕೂಗಿನ ನಡುವೆ ನಿಂತಿದ್ದಾಳೆಂದುಕೊಳ್ಳಿ. ನನಗೆ ಅಲ್ಲಿ ವೈನಿಯ ಮುಷ್ಟಿಯೇ ಕಾಣುತ್ತದೆ.

1999ರ ಜನವರಿ 31ರಂದು ಮದ್ರಾಸಿನ ಚೆಪಾಕ್‌ನಲ್ಲಿ ಬೇರೆಯೇ ಆಯಿತು. ತೆಂಡೂಲ್ಕರ್ 136 ಹೊಡೆದೂ ಭಾರತ ಹನ್ನೆರಡು ರನ್ನಿನಿಂದ ಪಾಕಿಸ್ತಾನಕ್ಕೆ ಸೋತಿತು. ಕ್ಷಣಕಾಲ ಸ್ತಬ್ಧವಾದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದ ತಂಡ ಮೈದಾನ ಸುತ್ತಿ ವಂದಿಸಿತು. ಸೋತವರು ಮೊದಲು ಕೈ ತಟ್ಟಿದರೆ ಗೆದ್ದವರ ಕೈ ತಾನೇ ಬಿಡುಗಡೆಯಾಗುತ್ತದೆ. ಮೈಸೂರಿನಲ್ಲಿ ನಾನೇ ಮೊದಲು ತಟ್ಟಬಹುದಿತ್ತು ಎಂದು ಯಜಮಾನರು ಆಗಾಗ ಚುಚ್ಚುತ್ತಾರೆ. ಅವರೂ ತಟ್ಟಲಿಲ್ಲ, ಬಿಡಿ.

ವೈನಿಗೆ ಈಗ ಮಂಡಿನೋವು, ಮೈದಾನದ ಮಾತಿಲ್ಲ, ಟಿ.ವಿ.ಯೇ ಗತಿ. 2024ರ ಮಾರ್ಚ್ 17ರಂದು ಬೆಂಗಳೂರಿನ ಮಹಿಳಾ ತಂಡ ದಿಲ್ಲಿಯಲ್ಲಿ ಕಪ್ಪು ಗೆದ್ದ ರಾತ್ರಿ ಬೇಲಿಯಾಚೆಯಿಂದ ಕೂಗು ಕೇಳಿ ಓಡಿದೆ. ನಾಯಕಿ ಸ್ಮೃತಿ ಮಂಧಾನ ಬೆಳೆದದ್ದು ಸಾಂಗ್ಲಿಯಲ್ಲಿ. "ನಮ್ಮ ಸಾಂಗ್ಲಿ ಹುಡುಗಿ, ನಿಮ್ಮ ಬೆಂಗಳೂರ!" ಎಂದು ಎರಡೂ ಕೈ ಎತ್ತಿ ಚಪ್ಪಾಳೆ ಹೊಡೆಯುತ್ತಿದ್ದರು. ಓಣಿಯ ನಾಯಿಗಳೆಲ್ಲ ಬೊಗಳಿದವು.